ಬಿಸ್ಕುಟ್ ರೊಟ್ಟಿಯ ಹದ

ಹೆಸರಿನಲ್ಲಿ ಬಿಸ್ಕುಟ್ ಇದ್ದರೂ ಇದು ಬಿಸ್ಕತ್ತಲ್ಲ. ರೊಟ್ಟಿ ಎಂದರೂ ಕಾವಲಿಯ ಮೇಲೆ ಬೇಯುವಂಥದಲ್ಲ. ಖಾರದ ಹೂರಣವನ್ನು ಒಡಲಲ್ಲಿರಿಸಿಕೊಂಡು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದ ಪೂರಿಯಿದು. ಉಡುಪಿ, ಮಂಗಳೂರುಗಳಲ್ಲಿ ಮನೆಮಾತಾದ ಈ ತಿಂಡಿ ಕಾಸರಗೋಡಿನ ಕನ್ನಡ ಮನೆಗಳಿಗೂ ಹೊಸತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಅಡುಗೆಮನೆಯ ಪದ್ಧತಿ ಮಾತ್ರ ಹಿಂದಿನಂತೆಯೇ ಉಳಿಯಿತು.

ನಮ್ಮ ಹಿರಿಯ ಗೃಹಿಣಿಯರು ಇದನ್ನು ಅಳತೆಯಿಟ್ಟು ಮಾಡಿದವರಲ್ಲ. ‘ಒಂದು ಹಿಡಿ’, ‘ಸ್ವಲ್ಪ’, ‘ಹದ ನೋಡಿ’ ಎಂಬ ಮಾತುಗಳೇ ಅವರ ತಕ್ಕಡಿ. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೆ ಅಷ್ಟು ಸಾಕಾಗುತ್ತಿತ್ತು. ಇಂದು ಮಗಳೂ ಸೊಸೆಯೂ ದೂರದ ನಗರಗಳಲ್ಲಿದ್ದಾರೆ. ಫೋನಿನಲ್ಲಿ ಹೇಳಿದ ‘ಹದ’ ಅವರ ಕೈಗೆ ತಲುಪದು. ಅಂಗಡಿಯ ಪೊಟ್ಟಣವೇ ಸುಲಭವೆನಿಸಿ, ಮನೆಯ ವಿದ್ಯೆ ಒಂದೇ ತಲೆಮಾರಿನಲ್ಲಿ ಮರೆಯಾಗುವ ಸಂಭವವುಂಟು. ಆದುದರಿಂದ ಆ ಹದವನ್ನು ಆದಷ್ಟು ಅಳತೆಗೆ ಇಳಿಸಿ ಇಲ್ಲಿ ಕೊಟ್ಟಿದೆ.

ಬೇಕಾಗುವ ಸಾಮಗ್ರಿಗಳು (ಸುಮಾರು 20 ರೊಟ್ಟಿಗಳಿಗೆ)

ಕಣಕಕ್ಕೆ: ಮೈದಾ 2 ಕಪ್, ಚಿರೋಟಿ ರವೆ ಕಾಲು ಕಪ್, ಬಿಸಿ ಎಣ್ಣೆ 2 ದೊಡ್ಡ ಚಮಚ, ಉಪ್ಪು ಅರ್ಧ ಚಮಚ.

ಹೂರಣಕ್ಕೆ: ಹಸಿ ತೆಂಗಿನ ತುರಿ 1 ಕಪ್, ಚಿರೋಟಿ ರವೆ ಅರ್ಧ ಕಪ್, ಉದ್ದಿನಬೇಳೆ ಕಾಲು ಕಪ್, ಮೆಣಸಿನ ಪುಡಿ ಒಂದೂವರೆ ಚಮಚ, ಸಕ್ಕರೆ 1 ಚಮಚ, ಎಣ್ಣೆ 2 ದೊಡ್ಡ ಚಮಚ, ಸಾಸಿವೆ, ಇಂಗು, ಕರಿಬೇವು, ರುಚಿಗೆ ಉಪ್ಪು. ಕರಿಯಲು ಬೇರೆ ಎಣ್ಣೆ.

ಮಾಡುವ ಕ್ರಮ

ಮೈದಾ, ರವೆ, ಉಪ್ಪು ಬೆರೆಸಿ, ಬಿಸಿ ಎಣ್ಣೆ ಹಾಕಿ ಬೆರಳುಗಳಿಂದ ಚೆನ್ನಾಗಿ ತಿಕ್ಕಬೇಕು. ಬಳಿಕ ಸ್ವಲ್ಪಸ್ವಲ್ಪವೇ ನೀರು ಚಿಮುಕಿಸಿ ಪೂರಿಯ ಹಿಟ್ಟಿನಂತೆ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ 30 ನಿಮಿಷ ಇಡಬೇಕು.

ಉದ್ದಿನಬೇಳೆಯನ್ನು ಕೆಂಪಗೆ ಹುರಿದು ತರಿತರಿಯಾಗಿ ಪುಡಿ ಮಾಡಿರಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕರಿಬೇವು, ಇಂಗು ಹಾಕಿ, ರವೆಯನ್ನು ಎರಡು ಮೂರು ನಿಮಿಷ ಹುರಿದು, ತೆಂಗಿನ ತುರಿ ಸೇರಿಸಿರಿ. ಸಣ್ಣ ಉರಿಯಲ್ಲಿ ತುರಿಯ ಪಸೆಯಾರಿ ಉದುರುದುರಾದ ಮೇಲೆ ಬೇಳೆಯ ಪುಡಿ, ಮೆಣಸಿನ ಪುಡಿ, ಉಪ್ಪು, ಸಕ್ಕರೆ ಬೆರೆಸಿ ಪೂರ್ತಿ ಆರಲು ಬಿಡಿರಿ.

ನಿಂಬೆ ಗಾತ್ರದ ಕಣಕವನ್ನು ಬಟ್ಟಲಿನಂತೆ ಅಗಲಿಸಿ, ಒಂದು ದೊಡ್ಡ ಚಮಚ ಹೂರಣ ತುಂಬಿ, ಬಾಯಿ ಬಿಗಿಯಾಗಿ ಮುಚ್ಚಿ, ಹಗುರವಾದ ಕೈಯಿಂದ ಅಂಗೈಯಗಲ ಲಟ್ಟಿಸಿರಿ. ಮಧ್ಯಮ ಉರಿಯಲ್ಲಿ ಎರಡೂ ಬದಿ ಹೊಂಬಣ್ಣ ಬರುವವರೆಗೆ ಕರಿಯಿರಿ.

ಗಮನಿಸಬೇಕಾದುದು

ಈ ತಿಂಡಿಯ ಗೆಲುವು ಹೂರಣದ ಒಣತನದಲ್ಲಿದೆ. ತೆಂಗಿನಲ್ಲಿ ಪಸೆ ಉಳಿದರೆ ಅದು ಬಿಸಿ ಎಣ್ಣೆಯಲ್ಲಿ ಆವಿಯಾಗಿ ರೊಟ್ಟಿಯನ್ನು ಒಡೆಯುತ್ತದೆ. ಒಡೆಯದಿದ್ದರೆ ಮರುದಿನ ಮೆತ್ತಗಾಗಿಸುತ್ತದೆ. ಹೊರಬಿದ್ದ ಹೂರಣ ಕರಟಿ ಎಣ್ಣೆಯನ್ನೂ ಕೆಡಿಸುತ್ತದೆ. ಹೂರಣವನ್ನು ಬಿಸಿಯಾಗಿಯೇ ತುಂಬುವುದೂ ಇದೇ ತೊಂದರೆಗೆ ದಾರಿ.

ಉರಿಯಲ್ಲಿ ಅವಸರ ಸಲ್ಲದು. ಎಣ್ಣೆ ಅತಿಯಾಗಿ ಕಾದರೆ ಹೊರಗೆ ಬೇಗ ಬಣ್ಣ ಬಂದು ಒಳಪದರ ಹಸಿಯಾಗಿಯೇ ಉಳಿಯುತ್ತದೆ. ಎಣ್ಣೆ ಕಾಯದಿದ್ದರೆ ರೊಟ್ಟಿ ಎಣ್ಣೆ ಕುಡಿಯುತ್ತದೆ. ಚಿಟಿಕೆ ಕಣಕ ಹಾಕಿ ನೋಡಿ; ಅದು ತಳದಲ್ಲಿ ಕ್ಷಣಕಾಲ ನಿಂತು ನಿಧಾನವಾಗಿ ಮೇಲೇರಿದರೆ ಹದವಾಯಿತೆಂದು ತಿಳಿಯಿರಿ. ಪೂರ್ತಿ ಆರಿದ ರೊಟ್ಟಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ನಾಲ್ಕಾರು ದಿನ ಗರಿ ಕೆಡದು.

ರಜಾದಿನಗಳಲ್ಲಿ ಉಂಡೆ ಕಟ್ಟುವ ಕೆಲಸವನ್ನು ಮಕ್ಕಳಿಗೆ ವಹಿಸಿರಿ, ಗಂಡುಮಕ್ಕಳಿಗೂ ಸಹ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಓದುವ ಮಗುವಿಗೆ ಕಣಕ, ಹೂರಣ, ಪಸೆ, ಹದ ಎಂಬ ಮಾತುಗಳನ್ನು ಯಾವ ಪಾಠಪುಸ್ತಕ ಕಲಿಸೀತು? ಹಿಟ್ಟು ಮೆತ್ತಿದ ಕೈಗೆ ಅವು ತಾವಾಗಿಯೇ ಒದಗಿಬರುತ್ತವೆ. ಮೊದಲ ಬಾರಿ ಎರಡು ರೊಟ್ಟಿ ಒಡೆದರೂ ಚಿಂತೆಯಿಲ್ಲ. ಒಡೆದುವನ್ನು ಮಕ್ಕಳೇ ಮೊದಲು ತಿಂದು ಮುಗಿಸುತ್ತಾರೆ.