ಸತುವಿನ ಕಾಸು ಓಡಿದ್ದೇಕೆ?

1914ರ ಜುಲೈ ಕೊನೆಗೆ ಜರ್ಮನಿಯ ರೈಷ್‌ಬ್ಯಾಂಕ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. ಯುದ್ಧದ ಭಯಕ್ಕೆ ಬೆಳ್ಳಿಯ ಮಾರ್ಕುಗಳೂ ಪೆಟ್ಟಿಗೆ ಸೇರಿದವು. ಮದ್ದುಗುಂಡಿನ ಕಾರ್ಖಾನೆಗಳು ತಾಮ್ರ, ನಿಕ್ಕಲ್ ಕೇಳತೊಡಗಿದಾಗ ಸರ್ಕಾರ ಕಬ್ಬಿಣ, ಸತು, ಅಲ್ಯೂಮಿನಿಯಂನಲ್ಲಿ ಫೆನ್ನಿಗ್ ಎಂಬ ಚಿಲ್ಲರೆ ಕಾಸು ಅಚ್ಚುಹಾಕಿತು, ಅದೂ ಸಾಲಲಿಲ್ಲ. ಬ್ರೆಡ್ಡಿಗೂ ಟ್ರಾಮಿಗೂ ಚಿಲ್ಲರೆ ಸಿಗದಾದಾಗ ನಗರಸಭೆಗಳು ತಮ್ಮದೇ ಕಾಸು, ಚೀಟಿ ಹೊರಡಿಸಿದವು. ನೋಟ್‌ಗೆಲ್ಡ್ ಎಂದು ಹೆಸರಾದ ಈ ತುರ್ತು ಹಣವನ್ನು ಸರ್ಕಾರ ಕಂಡೂ ಕಾಣದಂತೆ ಸಹಿಸಿಕೊಂಡಿತು.

ಬೇರೆ ದಾರಿಯಿಲ್ಲದೆ ಜನ ಇದನ್ನು ಒಪ್ಪಿದರು ಎನ್ನುವುದು ವಾಡಿಕೆಯ ವಿವರಣೆ. ಅದು ಅರ್ಧ ನಿಜ ಅಷ್ಟೆ. ಕಾಸನ್ನು ತೆಗೆದುಕೊಂಡದ್ದು ಏಕೆಂದು ಅದು ಹೇಳೀತು. ಅದೇ ಕಾಸು ಕೈಯಿಂದ ಕೈಗೆ ಓಡಿದ್ದು ಏಕೆಂದು ಹೇಳುವುದಿಲ್ಲ. ಸತುವಿನ ಕಾಸನ್ನು ಕೂಡಿಡುವ ಆಸೆ ಯಾರಿಗೂ ಹುಟ್ಟಲಿಲ್ಲ, ಅದೇ ಅದರ ಬಲ. ಎಷ್ಟೋ ಚೀಟಿಗಳ ಮೇಲೆ ವಾಯಿದೆಯನ್ನೂ ಅಚ್ಚುಹಾಕಿದ್ದರು: ಇಟ್ಟುಕೊಂಡರೆ ನಷ್ಟ. ಹೊರಡಿಸಿದವರೂ ಊರಲ್ಲೇ ಇದ್ದರು. ಅನುಮಾನ ಬಂದರೆ ನಗರಸಭೆಯ ಖಜಾನೆಗೇ ಹೋಗಿ ಕೇಳಬಹುದಿತ್ತು. ಎರಡನೇ ಮಹಾಯುದ್ಧದಲ್ಲಿ ನಮ್ಮ ಮೋರ್ವಿ, ನವಾನಗರ, ಬೂಂದಿ ಸಂಸ್ಥಾನಗಳು ಹೊರಡಿಸಿದ ರಟ್ಟಿನ ಚೀಟಿಗಳದ್ದೂ ಇದೇ ಗುಣ.

ಊರೂರಿಗೂ ಹಣ ಅಚ್ಚುಹಾಕುವ ಸಲಿಗೆ ಕೊಟ್ಟಿದ್ದೇ ಜರ್ಮನಿಯ 1923ರ ಹಣದುಬ್ಬರಕ್ಕೆ ದಾರಿಯಾಯಿತು ಎಂಬ ಆಕ್ಷೇಪವಿದೆ. ಆದರೆ ಆ ಉಬ್ಬರದ ಬೇರು ಯುದ್ಧದ ಸಾಲದಲ್ಲಿ, ಬೊಕ್ಕಸದ ಕೊರತೆಯನ್ನು ನೋಟಿನಿಂದ ತುಂಬಿದ್ದರಲ್ಲಿ ಇತ್ತು. ಐದು, ಹತ್ತು ಫೆನ್ನಿಗ್‌ಗಳ ಚಿಲ್ಲರೆಯಿಂದ ಯಾವ ಸರ್ಕಾರದ ಖರ್ಚೂ ನೀಗುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಯುದ್ಧ ಮುಗಿದ ಮೇಲೆ ನಗರಸಭೆಗಳು ಲಾಭಕ್ಕಾಗಿಯೇ ಚೀಟಿ ಅಚ್ಚುಹಾಕಿದವು. ಇದನ್ನು ಅಲ್ಲಗಳೆಯಲಾಗದು. ಹ್ಯಾಮೆಲಿನ್ ತನ್ನ ಇಲಿ ಹಿಡಿಯುವವನ ಕಥೆಯನ್ನು ಚೀಟಿಗೇರಿಸಿತು, ಬೀಲೆಫೆಲ್ಡ್ ರೇಷ್ಮೆಯ ಮೇಲೆ ಹಣ ಮುದ್ರಿಸಿತು, ಸ್ಯಾಕ್ಸನಿ ಮೈಸೆನ್ ಪಿಂಗಾಣಿ ಕಾರ್ಖಾನೆಯಲ್ಲಿ ಕಂದು ನಾಣ್ಯ ಮಾಡಿಸಿತು. ಆಲ್ಬಮ್ಮು ಸೇರಿದ ಚೀಟಿಗೆ ಯಾರೂ ಬದಲು ಹಣ ಕೇಳುವುದಿಲ್ಲವಲ್ಲ, ಅಷ್ಟೂ ಊರಿಗೆ ಉಳಿತಾಯ! ಆದರೆ ಇದರಿಂದ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ಚೆಂದವಾದೊಡನೆ ಕಾಸಿಗೆ ಬೆಳ್ಳಿಯ ಗತಿಯೇ ಬಂತು. ಜನ ಎತ್ತಿಟ್ಟುಕೊಂಡರು, ಅಂಗಡಿಗೆ ತರಲಿಲ್ಲ. 1922ರ ಜುಲೈನಲ್ಲಿ ಈ ಹಣವನ್ನು ಕಾನೂನು ನಿಷೇಧಿಸುವ ಹೊತ್ತಿಗೆ ಫೆನ್ನಿಗ್‌ಗೆ ಕೊಳ್ಳುವಂಥದ್ದೇ ಏನೂ ಉಳಿದಿರಲಿಲ್ಲ. ಚೀಟಿ ಕೊಳ್ಳುತ್ತಿದ್ದವರು ಬಹುಪಾಲು ಸಂಗ್ರಾಹಕರು.