ಬಿಷಪ್ಪರ ಅಧಿಕಾರ, ಸಭೆಯ ಅಂಕೆ

ಬೃಹನ್ನಗರಗಳ ಹಳೆಯ ಆಂಗ್ಲಿಕನ್ ದೇವಾಲಯಗಳನ್ನು ಹೊರಗಿನಿಂದ ನೋಡುವವರಿಗೆ ಅಲ್ಲಿಯ ಸರ್ವಾಧಿಕಾರವೂ ಬಿಷಪ್ಪರದೇ ಎಂದು ತೋರುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಬಿಷಪ್ಪರ ಆಡಳಿತಕ್ಕೊಳಪಟ್ಟ ಪ್ರಾಂತ್ಯವಾದ ಡಯಾಸಿಸ್‌ಗೆ ತನ್ನದೇ ಆದ ಸಭೆಯೊಂದುಂಟು. ಇಂಗ್ಲೆಂಡಿನಲ್ಲಿ ಅದನ್ನು ಸಿನಡ್ ಎಂದೂ, ದಕ್ಷಿಣ ಭಾರತ ಸಭೆಯಲ್ಲಿ ಡಯಾಸಿಸನ್ ಕೌನ್ಸಿಲ್ ಎಂದೂ ಕರೆಯುತ್ತಾರೆ.

ಈ ಪದ್ಧತಿ ಮೊದಲು ಬೇರೂರಿದ್ದು ಇಂಗ್ಲೆಂಡಿನಲ್ಲಲ್ಲ, ವಸಾಹತುಗಳಲ್ಲಿ ಎಂಬುದು ಸೋಜಿಗದ ಸಂಗತಿ. ತಾಯ್ನಾಡಿನಲ್ಲಿ ಚರ್ಚಿಗೂ ಪಾರ್ಲಿಮೆಂಟೇ ಶಾಸನ ಮಾಡುತ್ತಿತ್ತು. ಪಾದ್ರಿಗಳ ಪ್ರಾಚೀನ ಸಭೆಯಾದ ಕಾನ್ವೊಕೇಷನ್ 1717ರಿಂದ 1852ರವರೆಗೆ ಹೆಸರಿಗೆ ಮಾತ್ರ ಉಳಿದಿತ್ತು. ದೂರದ ನಾಡುಗಳ ಬಿಷಪ್ಪರಿಗೆ ಪಾರ್ಲಿಮೆಂಟಿನ ಆಸರೆ ದೊರೆಯುವಂತಿರಲಿಲ್ಲ. ನ್ಯೂಜಿಲೆಂಡಿನ ಬಿಷಪ್ ಸೆಲ್ವಿನ್ 1844ರಲ್ಲಿ ಪಾದ್ರಿಗಳ ಸಿನಡ್ ಕರೆದರು. 1857ರ ಸಂವಿಧಾನವು ಸಾಮಾನ್ಯ ಸದಸ್ಯರಿಗೂ ಸ್ಥಾನ ನೀಡಿತು. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಬಿಷಪ್ ಷಾರ್ಟ್ 1855ರಲ್ಲಿ ಯಾವ ಕಾಯಿದೆಗೂ ಕಾಯದೆ, ಸದಸ್ಯರ ಪರಸ್ಪರ ಒಪ್ಪಂದದ ಮೇಲೆಯೇ ಸಿನಡನ್ನು ಸ್ಥಾಪಿಸಿದರು. ಪಾಲುದಾರಿಕೆಯ ಕರಾರುಪತ್ರವೊಂದೇ ಬಂಡವಾಳವಾಗಿ ಆರಂಭವಾದ ಅಂಗಡಿಯಂತೆ ಎನ್ನಬಹುದು.

ಭಾರತದ ಆಂಗ್ಲಿಕನ್ ಚರ್ಚು 1927ರ ಕಾಯಿದೆಯ ಮೇರೆಗೆ 1930ರ ಮಾರ್ಚ್ 1ರಂದು ಇಂಗ್ಲೆಂಡಿನ ಚರ್ಚಿನ ಕಾನೂನುಬಂಧದಿಂದ ಬಿಡುಗಡೆ ಹೊಂದಿತು. ಅನಂತರ ಅದರ ದಕ್ಷಿಣದ ಡಯಾಸಿಸ್‌ಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿಯೂ, ಮುಂಬಯಿಯಂಥವು 1970ರಲ್ಲಿ ಉತ್ತರ ಭಾರತ ಸಭೆಯಲ್ಲಿಯೂ ಸೇರಿದವು.

ಇಂಗ್ಲೆಂಡಿನ ಇಂದಿನ ಡಯಾಸಿಸನ್ ಸಿನಡ್‌ಗಳು 1969ರ ಶಾಸನದ ಫಲ. ಬಿಷಪ್ಪರು, ಪಾದ್ರಿಗಳು, ಸಾಮಾನ್ಯ ಸದಸ್ಯರು ಎಂದು ಮೂರು ಮನೆಗಳು, ಅಧ್ಯಕ್ಷತೆ ಬಿಷಪ್ಪರದು. ಸಭೆಗಳ ನಡುವಣ ಕಾಲದಲ್ಲಿ ಕೆಲಸ ಸಾಗಿಸಲು ಬಿಷಪ್ಪರ ಕೌನ್ಸಿಲ್ ಎಂಬ ಸ್ಥಾಯೀ ಸಮಿತಿಯಿದೆ. ಹಣಕಾಸಿಗೆ ಪ್ರತ್ಯೇಕ ಮಂಡಲಿಯಿದ್ದರೂ ವಾರ್ಷಿಕ ಆಯವ್ಯಯ ಸಿನಡ್ಡಿನ ಮುಂದೆಯೇ ಬರಬೇಕು. ಪ್ಯಾರಿಷ್‌ಗಳಿಂದ ಬರುವ ವಂತಿಗೆಯ ಬಹುಪಾಲು ಪಾದ್ರಿಗಳ ವೇತನ, ವಸತಿಗಳಿಗೇ ಸಲ್ಲುತ್ತದೆ. ಉಪದೇಶ ಯಾರದಾದರೇನು, ಹಣದ ಲೆಕ್ಕವನ್ನು ಕೇಳುವವರು ಇರಲೇಬೇಕಷ್ಟೆ.

ಮನೆಗಳು ಬೇರೆ ಬೇರೆಯಾಗಿ ಮತ ನೀಡುವ ಕ್ರಮದ ಬಿಸಿ 2012ರಲ್ಲಿ ತಟ್ಟಿತು. ಸ್ತ್ರೀಯರೂ ಬಿಷಪ್ಪರಾಗಬಹುದೆಂಬ ಮಸೂದೆಯನ್ನು 44 ಡಯಾಸಿಸ್‌ಗಳ ಪೈಕಿ 42 ಅನುಮೋದಿಸಿದ್ದವು. ರಾಷ್ಟ್ರಮಟ್ಟದ ಜನರಲ್ ಸಿನಡ್ಡಿನಲ್ಲಿ ಬಿಷಪ್ಪರ, ಪಾದ್ರಿಗಳ ಮನೆಗಳೂ ಒಪ್ಪಿದವು. ಆದರೆ ಪ್ರತಿ ಮನೆಯಲ್ಲಿಯೂ ಮೂರನೆಯ ಎರಡು ಪಾಲು ಬಹುಮತ ಬೇಕಿತ್ತು. ಸಾಮಾನ್ಯ ಸದಸ್ಯರ ಮನೆಯಲ್ಲಿ ಪರವಾಗಿ 132, ವಿರೋಧವಾಗಿ 74 ಮತಗಳು ಬಿದ್ದು, ಆರೇ ಮತಗಳ ಕೊರತೆಯಿಂದ ಮಸೂದೆ ಬಿದ್ದುಹೋಯಿತು. ಹೆಂಗಸರು ಮುಂದೆ ಬರುವುದನ್ನು ತಡೆಯುವವರು ಧರ್ಮಗುರುಗಳೇ ಎಂಬ ವಾಡಿಕೆಯ ನಂಬಿಕೆಗೆ ಇಲ್ಲಿ ಪುಷ್ಟಿ ಸಿಗದು. 2014ರ ಜುಲೈಯಲ್ಲಿ ಹೊಸ ಮಸೂದೆ ಮೂರೂ ಮನೆಗಳಲ್ಲಿ ಗೆದ್ದಿತು. 2015ರ ಜನವರಿಯಲ್ಲಿ ಲಿಬಿ ಲೇನ್ ಇಂಗ್ಲೆಂಡಿನ ಚರ್ಚಿನ ಪ್ರಥಮ ಮಹಿಳಾ ಬಿಷಪ್ಪರಾದರು. ಅಷ್ಟರೊಳಗೆ ದಕ್ಷಿಣ ಭಾರತ ಸಭೆಯಲ್ಲಿ, ಆಂಧ್ರದ ನಂದ್ಯಾಲ ಡಯಾಸಿಸ್‌ಗೆ ಪುಷ್ಪಲಲಿತಾ ಅವರು 2013ರಲ್ಲಿಯೇ ಬಿಷಪ್ಪರಾಗಿದ್ದರು.