ಸಾಹೇಬರ ಅಂಗಿಗೂ ಬಣ್ಣ

ಫಾಲ್ಗುಣದ ಹುಣ್ಣಿಮೆ ಹತ್ತಿರವಾದಂತೆ ಬಾಗಲಕೋಟೆಯ ಕಚೇರಿಗಳಲ್ಲಿ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ವರ್ಷವಿಡೀ ಇಸ್ತ್ರಿಯ ಗೆರೆ ಕೆಡದಂತೆ ಅಂಗಿ ತೊಟ್ಟು ಬರುವ ಗುಮಾಸ್ತರು ಟ್ರಂಕಿನ ತಳದಿಂದ ತೆಗೆದ, ಕಾಲರು ಸವೆದ ಅಂಗಿಯಲ್ಲಿ ಪ್ರತ್ಯಕ್ಷರಾಗುತ್ತಾರೆ. ಕೈಗಡಿಯಾರ ಮನೆಯಲ್ಲೇ ಉಳಿಯುತ್ತದೆ. ಮೈಸೂರು ಸೀಮೆಯಿಂದ ಆಗಷ್ಟೇ ವರ್ಗವಾಗಿ ಬಂದವರಿಗೆ ಇದರ ಗುಟ್ಟು ತಿಳಿಯದು. ವಿಚಾರಿಸಿದರೆ ಜವಾನ ನಗು ತಡೆದುಕೊಂಡು, ‘ಏನಿಲ್ರೀ ಸರ, ಹುಣ್ಣಿವಿ ಬಂತಲ್ರೀ’ ಎನ್ನುತ್ತಾನೆ. ಓಣಿಯ ಕಡೆಯಿಂದ ಹಲಗಿಯ ಸದ್ದು ಕೇಳುತ್ತಿರುತ್ತದೆ.

ಹೋಳಿಯ ಸಂಭ್ರಮದಲ್ಲಿ ಕೋಲ್ಕತ್ತ ಬಿಟ್ಟರೆ ಬಾಗಲಕೋಟೆಯೇ ಎಂಬುದು ಊರವರ ಹೆಮ್ಮೆಯ ಮಾತು. ಇದನ್ನು ಯಾರು, ಯಾವಾಗ ಅಳೆದು ನೋಡಿದರೋ ಗೊತ್ತಿಲ್ಲ. ಆದರೆ ಬೇರೆ ಊರುಗಳಲ್ಲಿ ಒಂದು ಬೆಳಗಿನಲ್ಲಿ ಮುಗಿದುಹೋಗುವ ಬಣ್ಣದಾಟ ಇಲ್ಲಿ ಮೂರು ದಿನ ನಡೆಯುತ್ತದೆಂಬುದು ಮಾತ್ರ ನಿಜ. ಹಿಂದೆ ಅದು ಐದು ದಿನ ಇತ್ತೆಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರು ಎಲ್ಲರದೂ ಅಲ್ಲ. ಮೂರೇ ದಿನಕ್ಕೆ ಮುಗಿಯಿತಲ್ಲ ಎಂದು ದೇವರಿಗೆ ಕೈಮುಗಿಯುವ ವರ್ಗವೂ ಊರಿನಲ್ಲಿದೆ. ಹಬ್ಬದ ಬಗ್ಗೆ ಬರೆಯುವವರು ಈ ಅಂಜುಬುರುಕರ ಕಡೆ ಗಮನ ಕೊಡುವುದು ಕಡಿಮೆ.

ಅವರ ಅಂಜಿಕೆಗೆ ಕಾರಣಗಳಿವೆ. ರಾಜ್ಯ ಸರಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಹೋಳಿ ಇಲ್ಲ. ಅದರ ಸ್ಥಾನ ಪರಿಮಿತ ರಜೆಗಳ ಪಟ್ಟಿಯಲ್ಲಿ. ಅಂದರೆ ಬೇಕಾದವರು ಅರ್ಜಿ ಕೊಟ್ಟು ಪಡೆಯಬೇಕು. ಅರ್ಜಿ ಕೊಟ್ಟರೋ, ‘ಸಾಹೇಬರು ಬಣ್ಣಕ್ಕ ಹೆದರಿ ಓಡಿಹೋದ್ರು’ ಎಂದು ಮರುಕ್ಷಣದಲ್ಲೇ ಇಡೀ ಕಚೇರಿಗೆ ತಿಳಿಯುತ್ತದೆ. ಸಾಲದ್ದಕ್ಕೆ ಮಾರ್ಚ್ ಎಂದರೆ ಆರ್ಥಿಕ ವರ್ಷದ ಕೊನೆ. ಖಜಾನೆಗೆ ಬಿಲ್ಲು ಕಳಿಸುವ ಗಡಿಬಿಡಿ. ಮನೆಯಲ್ಲಿ ಮಗನಿಗೋ ಮಗಳಿಗೋ ಎಸ್ಸೆಸ್ಸೆಲ್ಸಿ ಪರೀಕ್ಷೆ. ಹೊರಗೆ ಹಲಗಿ, ಒಳಗೆ ಗಣಿತ. ಈ ಇಕ್ಕಟ್ಟು ತಿಳಿದವರಿಗೇ ತಿಳಿದದ್ದು.

ಬಾಗಲಕೋಟೆಯ ಹೋಳಿ ಮನಬಂದಂತೆ ನಡೆಯುವ ಗದ್ದಲವಲ್ಲ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂಬ ಐದು ಭಾಗಗಳು ಸರದಿಯಂತೆ ಹಬ್ಬ ನಡೆಸುತ್ತವೆ. ದಲಿತ ಕೇರಿಯ ಮನೆಯಿಂದ ಬೆಂಕಿ ತಂದು ಮೊದಲು ಕಿಲ್ಲಾದಲ್ಲಿ ಕಾಮನನ್ನು ಸುಡುತ್ತಾರೆ. ಉಳಿದ ಓಣಿಗಳ ಕಾಮದಹನ ಅನಂತರವೇ. ವರ್ಷವೆಲ್ಲ ಊರಂಚಿಗೆ ಸರಿಸಲಾದ ಕೇರಿಯ ಬೆಂಕಿ ಬಾರದೆ ಊರಿನ ಕಾಮ ಸುಡುವುದಿಲ್ಲ ಎಂಬುದನ್ನು ಗಮನಿಸಬೇಕು. ಓಣಿಯವರು ಹಲಗಿ ಬಾರಿಸುತ್ತ ಒಬ್ಬರನ್ನೊಬ್ಬರು ಮೀರಿಸಲು ನೋಡುವ ಹಲಗಿ ಮಜಲು, ಪುರಾಣದ ವೇಷ ಕಟ್ಟಿದವರನ್ನು ಹೊತ್ತು ಸಾಗುವ ಸೋಗಿನ ಬಂಡಿಗಳು, ಗೌರವದ ಗುರುತಾದ ನಿಶಾನೆ ಮತ್ತು ತುರಾಯಿ ಹಲಗಿ, ಇವೆಲ್ಲ ಸೇರಿ ಹಬ್ಬ. ಬಣ್ಣದ ದಿನಗಳಲ್ಲಿ ಬ್ಯಾರಲ್ಲುಗಳಲ್ಲಿ ಬಣ್ಣದ ನೀರು ತುಂಬಿಕೊಂಡ ಬಂಡಿಗಳು ಎದುರುಬದುರಾಗುತ್ತವೆ. ಎರಡರ ನಡುವೆ ಸಿಕ್ಕಿಕೊಂಡವನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ; ಆತ ತಹಶೀಲ್ದಾರನಾದರೂ ಅಷ್ಟೆ, ತರಕಾರಿ ಮಾರುವವನಾದರೂ ಅಷ್ಟೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ಹಬ್ಬದ ಭೂಗೋಳವನ್ನೇ ಬದಲಿಸಿತು. ಹಳೆಯ ಊರಿನ ತಗ್ಗು ಭಾಗಗಳು ನೀರಿಗೆ ಸೇರಿದವು. ಜನ ನವನಗರದ ಸೆಕ್ಟರುಗಳಿಗೆ ಹೋದರು. 1997ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲಾಕೇಂದ್ರವಾದ ಮೇಲೆ ಕಚೇರಿಗಳು ಹೆಚ್ಚಿದವು; ಜೊತೆಗೆ ಹೊರಗಿನಿಂದ ಬರುವ ನೌಕರರೂ ಹೆಚ್ಚಿದರು. ಅಂಜುವವರಿಗೆ ಇದರಿಂದ ಅನುಕೂಲವಾಯಿತು. ಹಳೆಯ ಊರಿನ ಇಕ್ಕಟ್ಟಾದ ಓಣಿಯಲ್ಲಿ ಬಾಗಿಲು ಹಾಕಿಕೊಂಡರೂ ಮಾಳಿಗೆಯ ಮೇಲಿಂದ ಬಣ್ಣ ಬೀಳುತ್ತಿತ್ತು; ಅಗಲ ರಸ್ತೆಯ ನವನಗರದಲ್ಲಿ ಅಡಗುವುದು ಸುಲಭ. ಆದರೆ ಓಣಿ ಕಳೆದುಕೊಂಡವರಿಗೆ ಹಬ್ಬವೇ ಹಳೆಯ ಓಣಿ. ಸೆಕ್ಟರಿನಲ್ಲಿ ಹೊಸ ಮನೆ ಕಟ್ಟಿದವರು ಹೋಳಿಗೆ ಮಾತ್ರ ಹಳೆಯ ಪೇಟೆಗೇ ಹೋಗಿ ನಿಲ್ಲುವುದರ ಹಿಂದಿನ ಸಂಕಟ, ವರ್ಗವಾಗಿ ಬಂದ ಗುಮಾಸ್ತರಿಗೆ ತಕ್ಷಣ ಹೊಳೆಯುವಂಥದಲ್ಲ.

ದೊಡ್ಡವರ ಮೇಲೆ ಬಣ್ಣ ಎರಚುವ ಪರವಾನಗಿ ಇಂದು ನಿನ್ನೆಯದಲ್ಲ. ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ಪ್ರವಾಸಿ ನಿಕೊಲೊ ಕಾಂಟಿ, ಅಲ್ಲಿ ಮೂರು ದಿನ ದಾರಿಬದಿಯಲ್ಲಿ ಕೇಸರಿ ನೀರಿಟ್ಟು ಹೋಗಿಬರುವವರ ಮೇಲೆಲ್ಲ ಎರಚುತ್ತಿದ್ದುದನ್ನು ಹೇಳಿದ್ದಾನೆ. ರಾಜ, ರಾಣಿಯರಿಗೂ ವಿನಾಯಿತಿ ಇರಲಿಲ್ಲ. ಎಲ್ಲರೂ ನಗುತ್ತಲೇ ತೋಯಿಸಿಕೊಳ್ಳುತ್ತಿದ್ದರಂತೆ. ಇದಕ್ಕೂ ಎಂಟು ಶತಮಾನ ಹಿಂದಿನ ‘ರತ್ನಾವಳಿ’ ನಾಟಕದ ಮೊದಲ ಅಂಕದಲ್ಲೇ ಮದನೋತ್ಸವ ಬರುತ್ತದೆ. ಕೌಶಾಂಬಿಯ ಬೀದಿಗಳಲ್ಲಿ ಪರಿಮಳದ ಪುಡಿ ಹಾರುತ್ತದೆ, ಪಿಚಕಾರಿಗಳಿಂದ ನೀರು ಚಿಮ್ಮುತ್ತದೆ. ರಾಜ ಉದಯನ ಮಾತ್ರ ಅರಮನೆಯ ಮೇಲೆ ನಿಂತು ನೋಡುತ್ತಾನೆ. ಕೆಳಗಿಳಿದು ಕುಣಿಯುವವನು ವಿದೂಷಕ. ಇಂದಿನ ಕಚೇರಿಗಳಲ್ಲೂ ಇಂಥ ಉದಯನರು ಸಿಗುತ್ತಾರೆ. ಈ ನಾಟಕದ ಕರ್ತೃ ಬೇರೆ ಯಾರೂ ಅಲ್ಲ, ಬಾದಾಮಿಯ ಇಮ್ಮಡಿ ಪುಲಿಕೇಶಿ ತಡೆದು ನಿಲ್ಲಿಸಿದ ಹರ್ಷವರ್ಧನ. ಹುನಗುಂದ ಸೀಮೆಯ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ. ಪುಲಿಕೇಶಿಯ ಭಯಕ್ಕೆ ಹರ್ಷನ ಹರ್ಷವೇ ಹೋಯಿತೆಂದು ರವಿಕೀರ್ತಿ ಅದರಲ್ಲಿ ಶ್ಲೇಷೆ ಮಾಡಿದ್ದಾನೆ. ವಸಂತದ ಹರ್ಷವನ್ನು ಬರೆದವನಿಗೆ ಬಂದ ಪಾಡು ಇದು.

ಹೊರಗಿನವನೊಬ್ಬ ಈ ಆಟದಲ್ಲಿ ಸಿಕ್ಕಿಬಿದ್ದ ಸ್ವಾರಸ್ಯದ ದಾಖಲೆಯೊಂದಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಮೆಕಿಮ್ ಮ್ಯಾರಿಯಟ್ 1950ರ ದಶಕದ ಆರಂಭದಲ್ಲಿ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಅಧ್ಯಯನಕ್ಕೆಂದು ತಂಗಿದ್ದರು. ಹೋಳಿ ಬಂತು. ಭಂಗಿ ಬೆರೆತ ಪಾನೀಯ ಕುಡಿದ ಅವರಿಗೆ ಹಬ್ಬವೆಲ್ಲ ಮಂಜುಮಂಜಾಯಿತು. 1966ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಯಾರು ಯಾರಿಗೆ ಏನು ಮಾಡಿದರೆಂದು ಲೆಕ್ಕ ಹಾಕಿದ್ದಾರೆ. ಊರಿಗೆಲ್ಲ ಕಾಟ ಕೊಡುತ್ತಿದ್ದ ಹುಡುಗನನ್ನು ಅವನಿಂದ ನೊಂದವರೇ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿದ್ದರು. ಹಳೆಯ ಪಾದರಕ್ಷೆಗಳ ಹಾರ ಹಾಕಿಕೊಂಡು ಕೃಷ್ಣನಂತೆ ಕೊಳಲೂದುತ್ತ ಕುಣಿದವರು ಸ್ವತಃ ಮ್ಯಾರಿಯಟ್. ವರ್ಷವೆಲ್ಲ ಊರವರನ್ನು ಅತಿಯಾಗಿ ಪ್ರಶ್ನೆ ಕೇಳಿದ್ದಕ್ಕೆ ಸಂದ ಬಹುಮಾನವದು. ಯಾರಿಗೆ ಎಷ್ಟು ಬಣ್ಣ ಎಂಬುದನ್ನು ಊರು ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಜವಾನನನ್ನು ವರ್ಷವೆಲ್ಲ ಏಕವಚನದಲ್ಲಿ ಕೂಗುವ ಅಧಿಕಾರಿಗೆ ಹೋಳಿಯ ದಿನ ಎರಡು ಬಕೀಟು ಹೆಚ್ಚು.

ಪ್ರಾಚೀನ ರೋಮಿನಲ್ಲಿ ಡಿಸೆಂಬರ್ 17ರಿಂದ ನಡೆಯುತ್ತಿದ್ದ ಸ್ಯಾಟರ್ನೇಲಿಯಾ ಹಬ್ಬದಲ್ಲೂ ಆಳುಗಳಿಗೆ ಇಂಥದೇ ಸಲಿಗೆ. ಗದ್ದಲ ಒಗ್ಗದ ಪ್ಲಿನಿ ಎಂಬ ಶ್ರೀಮಂತ ಲೇಖಕ ಮನೆಯವರ ಮೋಜಿಗೆ ತಾನು ಅಡ್ಡಿಯಾಗಬಾರದು, ತನ್ನ ಓದಿಗೆ ಅವರೂ ಅಡ್ಡಿಯಾಗಬಾರದು ಎಂದು ತೋಟದ ಕೊನೆಯ ಕೋಣೆ ಸೇರಿಕೊಳ್ಳುತ್ತಿದ್ದ. ಅಂಜುಬುರುಕರಿಗೆ ಇದಕ್ಕಿಂತ ಸಭ್ಯ ಪೂರ್ವಜ ಸಿಗಲಿಕ್ಕಿಲ್ಲ. ಪಶ್ಚಿಮದ ಕಚೇರಿಗಳ ಕ್ರಿಸ್‌ಮಸ್ ಪಾರ್ಟಿ, ಅದನ್ನು ನೋಡಿ ಬೆಂಗಳೂರಿನ ಕಂಪನಿಗಳು ರೂಢಿಸಿಕೊಂಡ ವರ್ಷಾಂತ್ಯದ ಕೂಟ, ಎರಡರಲ್ಲೂ ಇದೇ ತೊಡಕು: ಮೇಲಿನವರು ಕೆಳಗಿನವರ ಜೊತೆ ನಗಬೇಕು, ಮರುದಿನ ಮತ್ತೆ ಮೇಲಿನವರಾಗಬೇಕು.

ಆದರೆ ಬಣ್ಣದ ಸಲಿಗೆ ಕೆಳಗಿನಿಂದ ಮೇಲಕ್ಕೆ ಹೋದಾಗ ಮಾತ್ರ ಅದಕ್ಕೆ ಅರ್ಥ. ಹಿರಿಯ ಅಧಿಕಾರಿ ಹಬ್ಬದ ಹೆಸರಿನಲ್ಲಿ ಬೇಡವೆಂದ ಹೆಣ್ಣುಮಗಳ ಕೆನ್ನೆಗೆ ಕೈ ಹಾಕಿದರೆ ಅದು ಹೋಳಿಯಲ್ಲ, ದಿನನಿತ್ಯದ ದರ್ಪವೇ ಬಣ್ಣ ಬಳಿದುಕೊಂಡು ಬಂದದ್ದು. ‘ಹಬ್ಬದಾಗ ಸಿಟ್ಟಾಗಬಾರದವ್ವಾ’ ಎಂದು ತೇಲಿಸಿಬಿಡುವ ಕಾಲವಿತ್ತು. ಉದ್ಯೋಗದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಹಬ್ಬಕ್ಕೆಂದು ರಜೆ ಹಾಕುವುದಿಲ್ಲ. ಕುಡಿತದ ಮಾತೂ ಹೀಗೆಯೇ. ಇಳಕಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗತೊಡಗಿದರು. ಕೇಳಿದ್ದು ದುಡ್ಡನ್ನಲ್ಲ, ಜನರ ದುಶ್ಚಟಗಳನ್ನು. ಆ ಜೋಳಿಗೆಗೆ ಚಟ ಹಾಕಿದವರ ಮನೆಯ ಹೆಂಗಸರು ಹಬ್ಬವನ್ನು ಎಷ್ಟು ನಿರಾಳವಾಗಿ ಎದುರು ನೋಡಿರಬಹುದು! ಇಳಕಲ್ಲಿನ ನೇಕಾರರಿಗೆ ಇನ್ನೊಂದು ಬಗೆಯ ಅಂಜಿಕೆ. ಸೀರೆಯ ಮೈಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕಸಬು ಅದು. ಒಂದು ಹನಿ ಸಿಡಿದರೂ ದಿನಗಟ್ಟಲೆಯ ದುಡಿಮೆ ಮಣ್ಣುಪಾಲು.

ಇನ್ನು ಪಾರಾಗುವ ಉಪಾಯ. ಹಳಬರು ಬೆಳಿಗ್ಗೆಯೇ ತಲೆ, ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಬಣ್ಣ ಚರ್ಮಕ್ಕಿಳಿಯದು. ಉಗುರಿಗೆ, ಕಿವಿಯ ಹಿಂದೆ ಹಚ್ಚಲು ಮರೆಯಬಾರದು. ಮುತ್ತುಗದ ಹೂ ಕುದಿಸಿ ಬಣ್ಣ ಮಾಡುತ್ತಿದ್ದ ಕಾಲದಲ್ಲಿ ಇಷ್ಟು ಜಾಗ್ರತೆ ಬೇಕಿರಲಿಲ್ಲ. ಈಗಿನ ರಾಸಾಯನಿಕ ಬಣ್ಣ, ಬೆಳ್ಳಿ ಬಣ್ಣದ ಪೇಂಟು ಕಣ್ಣಿಗೆ ಬಿದ್ದರೆ ಅಪಾಯ. ಬಿದ್ದರೆ ಉಜ್ಜದೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಸೀಮೆಎಣ್ಣೆ ಹಾಕಿ ತಿಕ್ಕುವುದು ಚರ್ಮಕ್ಕೆ ಇನ್ನೊಂದು ಶಿಕ್ಷೆ.

ಎಲ್ಲಕ್ಕಿಂತ ದೊಡ್ಡ ಉಪಾಯ ಓಡದಿರುವುದು. ಓಡುವವನನ್ನು ಹಿಡಿಯುವುದರಲ್ಲೇ ಹುಡುಗರಿಗೆ ಮಜಾ. ತಾನಾಗಿ ಬಾಗಿಲಿಗೆ ಬಂದು ಹಣೆಯೊಡ್ಡಿದವನಿಗೆ ಬೀಳುವುದು ಒಂದೇ ಚಿಟಿಕೆ. ಆಮೇಲೆ ಬಂದವರು, ‘ಇವರದು ಆಗೇತಿ ಬಿಡಪಾ’ ಎಂದು ಮುಂದೆ ಹೋಗುತ್ತಾರೆ. ಬಸ್ಸು ಹಿಡಿದು ಊರುಬಿಟ್ಟವರಿಗೆ ಈ ರಿಯಾಯಿತಿ ಇಲ್ಲ. ಅವರಿಗಾಗಿ ಜವಾನ ಒಂದು ಪೊಟ್ಟಣ ಬಣ್ಣವನ್ನು ಮೇಜಿನ ಡ್ರಾಯರಿನಲ್ಲಿ, ಖಜಾನೆಯ ಬಿಲ್ಲುಗಳ ಕೆಳಗೆ, ಜೋಪಾನವಾಗಿ ಎತ್ತಿಟ್ಟಿರುತ್ತಾನೆ.